ಇಬ್ಬರೂ ಒಬ್ಬಳೇ ಎಂಬುದಕ್ಕೆ

ಬೀರು ಖಾಲಿ ಮಾಡುವವಳೇ, ಸೆವ್ಗಿನ್, ನಿಲ್ಲು.
ಆ ಎಕ್ಸ್-ರೇ ಲಕೋಟೆ ಕಸಕ್ಕಲ್ಲ.
ಒಳಗೆ ನನ್ನ ಶ್ವಾಸಕೋಶವಿದೆ,
ಹೊಗೆಸೊಪ್ಪಿನ ಗೋದಾಮಿನ ದೂಳು ಕುಡಿದ ಎರಡು ಮಬ್ಬು ರೆಕ್ಕೆ.
ಅದರ ಬೆನ್ನಿಗೆ ಉಳಿದದ್ದೆಲ್ಲ.

ಮೂಲೆಯಲ್ಲಿ ಬರೆದ ಹೆಸರು ಓದು.
ಜ್ದ್ರಾವ್ಕಾ.
ಅವರ ಮಾತಿನಲ್ಲಿ ಆರೋಗ್ಯದಿಂದ ಹುಟ್ಟಿದ ಹೆಸರು.
ನಗು, ಪರವಾಗಿಲ್ಲ. ಡಾಕ್ಟರೂ ನಕ್ಕಿದ್ದರು.

ಎಂಬತ್ತೈದರ ಜನವರಿ. ಕರ್ಜಲಿಯ ಬೀದಿಯಲ್ಲೆಲ್ಲ ಹಿಮ,
ಹಿಮದ ಮೇಲೆ ಬೂಟು.
ಪುರಸಭೆಯ ಮೇಜಿನಾಚೆ ಕೂತಿದ್ದವಳು ಸ್ತಾಂಕಾ,
ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು.
ಹೆಸರುಗಳ ಪಟ್ಟಿಯನ್ನು ನನ್ನ ಕಡೆ ತಿರುಗಿಸಿದಳು
ರವಿಕೆಗೆ ಗುಂಡಿ ಆರಿಸು ಎಂಬ ಹಾಗೆ.
ನಾನು ಬಾಯಿ ಬಿಡಲಿಲ್ಲ.
ಕೊನೆಗೆ ಅವಳೇ ಬರೆದಳು, ತಲೆ ಎತ್ತದೆ:
‘ಒಳ್ಳೆ ಅರ್ಥದ್ದು ಕಣೇ, ನಜ್ಮಿಯೆ.’
ಆ ಕೋಣೆಯಲ್ಲಿ ನನ್ನ ಹೆಸರು
ಕೊನೆಯ ಸಲ ಆಡಿದವಳೂ ಅವಳೇ.

ಮಗಳ ಹೆಸರಿನ ಬಾಲಕ್ಕೆ ತಂದೆಯ ಹೆಸರೂ ಬೇಕಲ್ಲ?
ಅಪ್ಪ ಮಣ್ಣಾಗಿ ಒಂಬತ್ತು ವರ್ಷ.
ಅವನಿಗೂ ಇಟ್ಟರು. ಹಲೀಮ್ ಹೋಗಿ ಹ್ರಿಸ್ತೊ.
ಕರೆದರೆ ಓಗೊಡಬೇಕಾಗಿಲ್ಲ ಅವನು,
ಅಷ್ಟರ ಮಟ್ಟಿಗೆ ಪುಣ್ಯವಂತ.

‘ಹೆಸರು ಕೆಡಿಸಿಕೊಳ್ಳಬೇಡ’ ಎನ್ನುತ್ತಿದ್ದಳು ಅವ್ವ
ನಾನು ಹೊರಟಾಗಲೆಲ್ಲ, ತಲೆವಸ್ತ್ರ ಸರಿಮಾಡುತ್ತ.
ಸರಕಾರವೇ ಬಂದು ಹೆಸರು ಕಿತ್ತುಕೊಂಡು ಹೋದರೆ
ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ.

ಐದು ವರ್ಷ ಹತ್ತು ತಿಂಗಳು.
ತೊಂಬತ್ತರ ಚಳಿಗೆ ನ್ಯಾಯಾಲಯ ವಾಪಸು ಕೊಟ್ಟಿತು.
ಒಂದು ಹಾಳೆ, ಒಂದು ಮೊಹರು,
ಕಳೆದ ಕೊಡೆ ಸಿಕ್ಕಿದೆ, ಸಹಿ ಹಾಕಿ ಒಯ್ಯಿರಿ ಎಂಬಂತೆ.
ಮನೆಗೆ ಬಂದವಳೇ ಜ್ದ್ರಾವ್ಕಾಳ ಗುರುತಿನ ಪುಸ್ತಕವನ್ನು
ಒಲೆಗೆ ಹಾಕಿದೆ.
ಅತ್ತೆ ಹೈರಿಯೆ, ಅಕ್ಷರ ಬಾರದವಳು,
ಇಕ್ಕಳ ಹಾಕಿ ಎಳೆದಳು.
‘ಕಾಗದದ ಮೇಲೆ ಮುನಿಸೇಕೆ? ಅದಕ್ಕೇನು ಗೊತ್ತು.
ಸಾಲ ತಗೊಂಡವನ ಚೀಟಿಯನ್ನು
ಕೊಟ್ಟವರು ಸುಡುತ್ತಾರೇನೇ?’
ಕರಕಲಾದ ಮೂಲೆ ಅದೇ. ಮುಟ್ಟಿದರೆ ಉದುರುತ್ತೆ, ಹುಷಾರು.

ಹೋದ ವರ್ಷ ಪಿಂಚಣಿ ಕಿಟಕಿಯಲ್ಲಿ ಒಬ್ಬ ಹುಡುಗ,
ನಿನಗಿಂತ ಚಿಕ್ಕವನು, ಒಳ್ಳೆಯವನೇ,
ಕೆಲಸದ ವರ್ಷ ಎಣಿಸುತ್ತ ತಡೆದ:
‘ನಡುವೆ ಖಾಲಿ ಇದೆಯಲ್ಲ ಅಜ್ಜಿ, ಆಗ ಎಲ್ಲಿದ್ದಿರಿ?’
ಅಲ್ಲೇ ಇದ್ದೆನಪ್ಪ. ಅದೇ ಗೋದಾಮು,
ಎಲೆ ವಿಂಗಡಿಸುವ ಅದೇ ಮಣೆ.
‘ಇಲ್ಲಿರುವುದು ಯಾರೋ ಜ್ದ್ರಾವ್ಕಾ.
ಅವರು ನಿಮಗೇನಾಗಬೇಕು?’

ಏನಾಗಬೇಕು?
ನನ್ನ ಕೆಮ್ಮು ಕೆಮ್ಮಿದವಳು,
ನನ್ನ ಬೂಟು ಸವೆಸಿದವಳು,
ಬೀದಿಯಲ್ಲಿ ಕರೆದರೆ ಎರಡು ಕ್ಷಣ ತಡವಾಗಿ ತಿರುಗಿದವಳು.
ಹುಟ್ಟಿದ ದಾಖಲೆಯಿಲ್ಲ, ಸತ್ತ ದಾಖಲೆಯೂ ಇಲ್ಲ,
ಸಂಬಳದ ವಹಿಯಲ್ಲಿ ಮಾತ್ರ ಅಚ್ಚುಕಟ್ಟಾಗಿ ಬದುಕಿದವಳು.

ಲಕೋಟೆ ಬಿಚ್ಚಿದೆ. ಸುಟ್ಟ ಪುಸ್ತಕ, ನ್ಯಾಯಾಲಯದ ಹಾಳೆ,
ಎರಡನ್ನೂ ಅಕ್ಕಪಕ್ಕ ಇಟ್ಟೆ.
‘ನಾನೇ’ ಅಂದೆ.
ಮೂವತ್ತು ವರ್ಷ ಆಡದ ಮಾತು,
ಇಷ್ಟೇ ಇಷ್ಟು, ಗಂಟಲಲ್ಲಿ ಮುಳ್ಳಿನಂತೆ ನಿಂತಿತು.
ಅವನು ಪುರಸಭೆಗೆ ಕಳಿಸಿದ.
ಸ್ತಾಂಕಾಳ ಮೇಜಿದ್ದ ಕೋಣೆಯಲ್ಲೇ ಈಗ ಕಂಪ್ಯೂಟರು.
ಅದು ಕೊಟ್ಟ ಪ್ರಮಾಣಪತ್ರ ಇದು:
ಇಬ್ಬರೂ ಒಬ್ಬಳೇ.
ಐದು ಲೇವಾ, ಚಿಲ್ಲರೆ ನೀವೇ ತರಬೇಕು.

ಅಡಿಯಲ್ಲಿರುವುದು ನಿನ್ನದು.
ಎಂಬತ್ತೇಳರಲ್ಲಿ ಹುಟ್ಟಿದೆ ನೀನು, ಸಿಲ್ವಿಯಾ ಎಂದು.
ತಾಯಿ ಎಂಬ ಸಾಲಿನ ಮೇಲೆ ಬೆರಳಿಡು.
ಕಾಗದದ ಪ್ರಕಾರ ನಿನ್ನನ್ನು ಹೆತ್ತವಳು ಅವಳು.
ಅವಳನ್ನು ಎಸೆದುಬಿಟ್ಟರೆ
ನಾನು ನಿನಗೇನಾಗಬೇಕು?

ಲಕೋಟೆಯ ಅಂಚು ಬಿಟ್ಟಿದೆ. ಅಂಟು ತಾ.
ಆ ಕಿಟಕಿ ಮುಚ್ಚು ಮೊದಲು, ಗಾಳಿ.